ಹಸಿ ಮೆಕ್ಕೆಜೋಳದ ರಾಶಿಯೊಳಗಿನ ಬಿಸಿ

ದಾವಣಗೆರೆ, ಹಾವೇರಿ ಕಡೆ ಮುಂಗಾರಿ ಮೆಕ್ಕೆಜೋಳ ಕಟಾವಿಗೆ ಬರುವ ಹೊತ್ತಿಗೆ ಹಿಂಗಾರು ಮಳೆಯೂ ಬೆನ್ನು ಹತ್ತುತ್ತದೆ. ಹಗಲು ಬಿಸಿಲು, ಸಂಜೆ ಮೋಡ. ಕಣದಲ್ಲೋ ರಸ್ತೆ ಮೇಲೋ ಹರಡಿದ ಕಾಳನ್ನು ಹನಿ ಬಿದ್ದ ಕೂಡಲೇ ಗುಡ್ಡೆ ಹಾಕಿ ತಾಡಪಾಲು ಹೊದಿಸುತ್ತೇವೆ. ಎರಡು ದಿನ ಹಾಗೇ ಬಿಟ್ಟ ಹಸಿ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ನೋಡಿ. ಒಳಗೆ ಬೆಚ್ಚಗಿರುತ್ತದೆ. ಆ ಬಿಸಿ ಬಿಸಿಲಿನದಲ್ಲ. ಹಸಿ ಕಾಳು ಮತ್ತು ಅದಕ್ಕಂಟಿದ ಬೂಸ್ಟು ಉಸಿರಾಡಿ ಹುಟ್ಟಿಸಿದ್ದು. ಅಫ್ಲಾಟಾಕ್ಸಿನ್ ಎಂಬ ವಿಷಕ್ಕೆ ಬೇಕಾದ ಶಾಖವೂ ತೇವವೂ ಅಲ್ಲಿ ಒಟ್ಟಿಗೇ ಸಿಗುತ್ತವೆ.

ಈ ವಿಷ ಉಂಟುಮಾಡುವ ಮುಖ್ಯ ಶಿಲೀಂಧ್ರ ಆಸ್ಪರ್ಜಿಲಸ್ ಫ್ಲೇವಸ್. ಕಾಳಿನ ಮೇಲೆ ಹಳದಿ ಮಿಶ್ರಿತ ಹಸಿರು ಪುಡಿಯಂತೆ ಕಾಣುತ್ತದೆ. ಅದು ಭರದಿಂದ ಬೆಳೆಯುವುದು ಸುಮಾರು 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಆದರೆ ಹೆಚ್ಚು ವಿಷ ಹುಟ್ಟುವುದು ಅದಕ್ಕಿಂತ ಕೆಳಗೆ, 28ರಿಂದ 30 ಡಿಗ್ರಿಯಲ್ಲಿ. ಹಾಗಾಗಿ ಬೂಸ್ಟು ಕಡಿಮೆ ಕಂಡರೆ ವಿಷವೂ ಕಡಿಮೆ ಎಂದು ನಂಬುವಂತಿಲ್ಲ. ಕಣ್ಣಿಗೆ ಚೆನ್ನಾಗಿಯೇ ಕಾಣುವ ಕಾಳಿನಲ್ಲೂ ಅದು ಇರಬಹುದು.

ತೊಂದರೆ ಹೊಲದಲ್ಲೇ ಶುರುವಾಗುವುದೂ ಉಂಟು. ಕಾಳು ಕಟ್ಟುವ ಹಂತದಲ್ಲಿ ಮಳೆ ಕೈಕೊಟ್ಟು, ಹಗಲು ಬಿಸಿಲು ಕಾದು, ರಾತ್ರಿಯೂ ಸೆಕೆ ಇಳಿಯದಿದ್ದರೆ ಬಳಲಿದ ಗಿಡದ ತೆನೆಗೆ ಈ ಶಿಲೀಂಧ್ರ ಸುಲಭವಾಗಿ ಇಳಿಯುತ್ತದೆ. ಹುಳು ಕೊರೆದ ತೆನೆಗಳಲ್ಲಂತೂ ದಾರಿ ತೆರೆದೇ ಇರುತ್ತದೆ. ಮಳೆ ಹಿಡಿದ ವರ್ಷ ಕಾಡುವುದು ಫ್ಯುಸೇರಿಯಂ, ಬಿಳಿ ಅಥವಾ ನಸುಗೆಂಪು ಬೂಸ್ಟು. ಅದರ ವಿಷ ಫ್ಯುಮೊನಿಸಿನ್. ಅಫ್ಲಾಟಾಕ್ಸಿನ್‌ಗೆ ಬೇಕಾದಷ್ಟು ಬಿಸಿ ಇದಕ್ಕೆ ಬೇಡ. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಸ್ಟು ಹಿಡಿದ ಜೋಳ, ಮೆಕ್ಕೆಜೋಳ ಉಂಡವರಿಗೆ ಹೊಟ್ಟೆನೋವು, ಭೇದಿ ಹತ್ತಿದ್ದು ಇದರಿಂದಲೇ. ಅಫ್ಲಾಟಾಕ್ಸಿನ್ ಅದಕ್ಕಿಂತ ಘೋರ. 1974ರಲ್ಲಿ ರಾಜಸ್ಥಾನ, ಗುಜರಾತ್‌ಗಳ ಬುಡಕಟ್ಟು ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದ ಮೆಕ್ಕೆಜೋಳ ತಿಂದು ಯಕೃತ್ತು ಕೆಟ್ಟು ನೂರಕ್ಕೂ ಹೆಚ್ಚು ಜನ ಸತ್ತರು. ಬೇರೆ ಕಾಳಿಲ್ಲದ ಬಡವರು ಅದನ್ನೇ ಉಂಡಿದ್ದರು. ಕುದಿಸಿದರೂ ರೊಟ್ಟಿ ಸುಟ್ಟರೂ ಈ ವಿಷ ಪೂರ್ತಿ ಹೋಗುವುದಿಲ್ಲ.

ಹವೆಯ ಉಷ್ಣಾಂಶ ನಮ್ಮ ಕೈಯಲ್ಲಿಲ್ಲ. ಕಾಳಿನ ತೇವ ನಮ್ಮ ಕೈಯಲ್ಲಿದೆ. ತೇವಾಂಶ ಶೇ. 13ಕ್ಕೆ ಇಳಿದರೆ ಎಷ್ಟೇ ಸೆಕೆಯಿದ್ದರೂ ಬೂಸ್ಟು ಬೆಳೆಯಲಾರದು. ಮಾಪಕ ಇಲ್ಲದವರು ಹೀಗೆ ನೋಡಬಹುದು: ಒಣಗಿದ ಗಾಜಿನ ಬಾಟಲಿಯಲ್ಲಿ ಒಂದು ಹಿಡಿ ಕಾಳು, ಚೆನ್ನಾಗಿ ಹುರಿದು ಆರಿಸಿದ ಒಂದು ಚಮಚ ಉಪ್ಪು ಹಾಕಿ, ಮುಚ್ಚಳ ಬಿಗಿದು ಒಂದು ನಿಮಿಷ ಅಲುಗಾಡಿಸಿ ಕಾಲುಗಂಟೆ ಬಿಡಿ. ಗಾಜಿಗೆ ಉಪ್ಪು ಅಂಟಿಕೊಂಡರೆ ತೇವ ಶೇ. 15ಕ್ಕಿಂತ ಹೆಚ್ಚಿದೆ, ಚೀಲ ಕಟ್ಟಬೇಡಿ. ಅಂಟದಿದ್ದರೂ ಇನ್ನೊಂದೆರಡು ಬಿಸಿಲು ಕೊಡುವುದೇ ಒಳ್ಳೆಯದು, ಏಕೆಂದರೆ 15ಕ್ಕೂ 13ಕ್ಕೂ ನಡುವಿನ ತೇವವನ್ನು ಉಪ್ಪು ಹೇಳಲಾರದು.

ಮಳೆಗೆ ಮುಚ್ಚಲೇಬೇಕಾದಾಗ ರಾಶಿಯನ್ನು ತೆಳುವಾಗಿಡಿ. ಮಳೆ ನಿಂತ ಕೂಡಲೇ, ರಾತ್ರಿಯಾಗಿದ್ದರೂ ಸರಿ, ತಾಡಪಾಲು ಸರಿಸಿ ಕಾಳು ಕೆದಕಿ ಗಾಳಿಯಾಡಿಸಿ. ಒಕ್ಕಣೆಗೆ ಯಂತ್ರ ಸಿಕ್ಕಿತೆಂದು ಹಸಿ ತೆನೆ ಒಕ್ಕಬೇಡಿ. ಒಡೆದ ಕಾಳಿಗೆ ಬೂಸ್ಟು ಬೇಗ ಹತ್ತುತ್ತದೆ.

ಒಣಗಿದ ಕಾಳನ್ನೂ ತಗಡಿನ ಕಣಜದಲ್ಲಿ ತುಂಬಿ ಮರೆಯಬಾರದು. ಹಗಲು ಕಾದು ರಾತ್ರಿ ತಣಿಯುವ ತಗಡಿನೊಳಗೆ, ಅದರಲ್ಲೂ ಚಳಿಗಾಲದಲ್ಲಿ, ಕಾಳಿನ ನಡುವಿನ ಬೆಚ್ಚನೆ ಗಾಳಿ ತೇವ ಹೊತ್ತು ಮೇಲೇರಿ ತಣ್ಣನೆ ಮುಚ್ಚಳದಡಿ ಬೆವರಾಗಿ ಇಳಿಯುತ್ತದೆ. ಮೇಲಿನ ಪದರ ಗಂಟು ಕಟ್ಟಿದ್ದರೆ, ಮುಗ್ಗಲು ವಾಸನೆ ಬಂದರೆ ಕಾರಣ ಇದೇ. ಕಣಜವನ್ನು ನೆರಳಲ್ಲಿಡಿ. ಚೀಲಗಳಾದರೆ ಹಲಗೆ ಮೇಲೆ, ಗೋಡೆಯಿಂದ ದೂರ ಜೋಡಿಸಿ.

ಕೆಟ್ಟ ಕಾಳನ್ನು ದನಕ್ಕೆ ಹಾಕುವ ರೂಢಿಯನ್ನು ದಯವಿಟ್ಟು ಬಿಡಿ. ಹಸು ತಿಂದ ವಿಷದ ಒಂದಂಶ ರೂಪ ಬದಲಿಸಿ ಹಾಲಿಗೆ ಬರುತ್ತದೆ, ಆ ಹಾಲನ್ನು ಕುಡಿಯುವುದು ಮನೆಯ ಮಕ್ಕಳೇ. ನಮ್ಮ ಆಹಾರ ಸುರಕ್ಷತಾ ನಿಯಮದಲ್ಲಿ ಏಕದಳ ಧಾನ್ಯಕ್ಕೆ ಕಿಲೋಗೆ 15 ಮೈಕ್ರೋಗ್ರಾಂ ಅಫ್ಲಾಟಾಕ್ಸಿನ್ ಮಿತಿ. ಹಾಲಿಗೆ ಕಿಲೋಗೆ ಅರ್ಧ ಮೈಕ್ರೋಗ್ರಾಂ ಮಾತ್ರ. ಬೂಸ್ಟು ಹಿಡಿದ ತೆನೆಗಳನ್ನು ಒಕ್ಕಣೆಗೆ ಮೊದಲೇ ಆರಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕೊಟ್ಟಿಗೆಯಿಂದಲೂ ನೀರಿನ ತಾವಿನಿಂದಲೂ ದೂರ ಆಳವಾಗಿ ಹೂಳಿ.