ದೋಣಿ ಎಷ್ಟೊತ್ತಿಗೆ? ನಮ್ಮ ಸೀಮೆಯಿಂದ ದ್ವೀಪಕ್ಕೆ ಹೊರಡುವವರಿಗೆ ಹತ್ತು ಸೂತ್ರಗಳು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು: ನಮ್ಮ ನಾಲ್ಕೂ ತಾಲ್ಲೂಕುಗಳಿಗೆ ಸಮುದ್ರ ಘಾಟಿಯ ಆಚೆಗಿನದು. ಸೂಳೆಕೆರೆಯ ನೀರು ಎಷ್ಟೇ ವಿಸ್ತಾರವಾಗಿದ್ದರೂ ಅದಕ್ಕೆ ಉಬ್ಬರ–ಇಳಿತ ಇಲ್ಲ. ಹಾಗೆಂದು ದ್ವೀಪ ನೋಡುವುದು ನಮ್ಮವರಿಗೆ ಎಟುಕದ ಮಾತೇನಲ್ಲ. ಬೆಳಿಗ್ಗೆ ಐದಕ್ಕೆ ಹೊನ್ನಾಳಿ ಬಿಟ್ಟರೆ ಮಧ್ಯಾಹ್ನದೊಳಗೆ ಮಲ್ಪೆ ಮುಟ್ಟಬಹುದು. ಎಡವುವುದು ಒಂದೇ ಕಡೆ. ಮನೆಯಿಂದ ಹೊರಡುವ ವೇಳೆಯನ್ನು ಮೊದಲು ಗೊತ್ತುಮಾಡಿಕೊಂಡು, ದೋಣಿಯ ವೇಳೆಯನ್ನು ಆಮೇಲೆ ವಿಚಾರಿಸುತ್ತೇವೆ. ಈ ಲೆಕ್ಕ ತಿರುಗಿಸಿ. ದೋಣಿ ಎಷ್ಟೊತ್ತಿಗೆ ಹೊರಡುತ್ತದೆ, ಕಡೆಯ ದೋಣಿ ಎಷ್ಟೊತ್ತಿಗೆ ವಾಪಸ್ಸು ಬರುತ್ತದೆ ಎಂದು ತಿಳಿದುಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ.

1. ತಿಂಗಳನ್ನು ಕಡಲಿಗೆ ಬಿಡಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ. ಪ್ರವಾಸಿ ದೋಣಿಗಳು ಮಳೆಗಾಲ ಪೂರ್ತಿ ದಡದಲ್ಲೇ ಇರುತ್ತವೆ. ಅಕ್ಟೋಬರ್‌ನಲ್ಲಿ ಕಡಲು ತಿಳಿಯಾಗತೊಡಗಿ, ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹದವಾಗಿರುತ್ತದೆ. ಅಡಿಕೆ ಕೊಯ್ಲು ಮುಗಿದು, ಬೇಯಿಸಿ ಒಣಗಿಸಿ, ಕೈಗೆ ಬಿಡುವು ಸಿಗುವ ಕಾಲವೂ ಸುಮಾರಾಗಿ ಅದೇ. ಕ್ರಿಸ್‌ಮಸ್ ರಜೆಯ ವಾರ ಮಾತ್ರ ಬಿಟ್ಟುಬಿಡಿ. ಮಲ್ಪೆ, ಮುರುಡೇಶ್ವರ ಎರಡೂ ಆಗ ಕಾಲಿಡಲು ಜಾಗವಿಲ್ಲದಷ್ಟು ತುಂಬಿರುತ್ತವೆ.

2. ಮೊದಲು ಹತ್ತಿರದ ದ್ವೀಪ. ಅಂಡಮಾನ್, ಲಕ್ಷದ್ವೀಪ ಎಂದು ಹೊರಡುವ ಮುಂಚೆ ಮಲ್ಪೆಯ ಸೇಂಟ್ ಮೇರೀಸ್ ನೋಡಿ. ಅಲ್ಲಿನವರ ಬಾಯಲ್ಲಿ ಅದು ತೋನ್ಸೆಪಾರ್. ದಡದಿಂದ ಆರೇಳು ಕಿಲೋಮೀಟರ್ ಅಷ್ಟೆ. ನಿಮ್ಮ ಮಕ್ಕಳಿಗೆ, ವಯಸ್ಸಾದ ತಂದೆ ತಾಯಿಗೆ ದೋಣಿ ಒಗ್ಗುತ್ತದೆಯೋ ಇಲ್ಲವೋ ಎಂಬುದು ಕಡಿಮೆ ಖರ್ಚಿನಲ್ಲಿ ಗೊತ್ತಾಗುತ್ತದೆ. ದ್ವೀಪದಲ್ಲಿ ಉಳಿಯಲು ಅವಕಾಶವಿಲ್ಲ, ಸಂಜೆಯೊಳಗೆ ಮರಳಲೇಬೇಕು.

3. ಘಾಟಿ ಒಂದು ದಿನ, ದೋಣಿ ಮಾರನೇ ದಿನ. ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಹೆಬ್ರಿ, ಉಡುಪಿ: ಇದು ನಮ್ಮವರ ಸಲೀಸು ದಾರಿ. ಶಿವಮೊಗ್ಗದಿಂದ ಉಡುಪಿಗೆ 150 ಕಿಲೋಮೀಟರ್ ಆಸುಪಾಸು. ಆದರೆ ಆಗುಂಬೆಯ 14 ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡ ಮಗುವನ್ನು ಅದೇ ಮಧ್ಯಾಹ್ನ ದೋಣಿ ಹತ್ತಿಸಿದರೆ ಆ ಮಗು ಇನ್ನು ಹತ್ತು ವರ್ಷ ಕಡಲಿನ ಹೆಸರೆತ್ತುವುದಿಲ್ಲ. ಉಡುಪಿಯಲ್ಲಿ ಮಲಗಿ, ಬೆಳಗಿನ ಮೊದಲ ದೋಣಿಗೆ ಹೋಗಿ. ಜಗಳೂರಿನವರಿಗಂತೂ ಈ ರಾತ್ರಿ ತಂಗಲೇಬೇಕು. ದಾವಣಗೆರೆ ದಾಟಿ ಶಿವಮೊಗ್ಗ ಸೇರುವಷ್ಟರಲ್ಲೇ ಅರ್ಧ ದಣಿವಾಗಿರುತ್ತದೆ. ನೆಂಟರಿಷ್ಟರೆಲ್ಲ ಸೇರಿ ದೊಡ್ಡ ಬಸ್ಸು ಮಾಡುವ ಯೋಚನೆಯಿದ್ದರೆ ಕೈಬಿಡಿ. ಆಗುಂಬೆ ಘಾಟಿಗೆ ಟಿಟಿ, ಮಿನಿ ಬಸ್ಸೇ ಸರಿ.

4. ಹೊಟ್ಟೆ ಖಾಲಿಯೂ ಬೇಡ, ಭರ್ತಿಯೂ ಬೇಡ. ಎರಡು ಇಡ್ಲಿ ಸಾಕು. ವಾಂತಿ ತಡೆಯುವ ಮಾತ್ರೆಯನ್ನು ಡಾಕ್ಟರನ್ನು ಕೇಳಿ, ಹತ್ತುವ ಮುಂಚೆಯೇ ನುಂಗಿ; ತಲೆ ಸುತ್ತತೊಡಗಿದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ದೋಣಿಯ ನಡುಭಾಗದಲ್ಲಿ ಕೂತು ದಿಗಂತ ನೋಡುತ್ತಿರಿ, ಮೊಬೈಲ್ ಜೇಬಿನಲ್ಲಿರಲಿ.

5. ಲೈಫ್ ಜಾಕೆಟ್ ಹಾಕಿದರೆ ಸಾಲದು, ಬಿಗಿಯಬೇಕು. ಸಿಗಂದೂರಿಗೆ ಹೋದವರೆಲ್ಲ ಬಸ್ಸಿನ ಸಮೇತ ಲಾಂಚಿನಲ್ಲಿ ಹಿನ್ನೀರು ದಾಟಿದವರೇ. 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಗುವವರೆಗೂ ಅದೇ ದಾರಿಯಾಗಿತ್ತು. ಆ ಅಭ್ಯಾಸದಿಂದ ನೀರೆಂದರೆ ನಮಗೊಂದು ಸಲಿಗೆ. ಶರಾವತಿ ಹಿನ್ನೀರಿನ ಸಮಾಧಾನ ಅರಬ್ಬಿ ಸಮುದ್ರಕ್ಕಿಲ್ಲ. ಜಾಕೆಟ್ಟಿನ ಎಲ್ಲ ಬಕಲುಗಳನ್ನೂ ಟಕ್ ಎನ್ನುವವರೆಗೆ ಒತ್ತಿ, ಪಟ್ಟಿ ಎಳೆದು ಬಿಗಿಮಾಡಿ. ಆಮೇಲೆ ಎರಡೂ ಭುಜದ ಹತ್ತಿರ ಹಿಡಿದು ಮೇಲಕ್ಕೆತ್ತಿ ನೋಡಿ. ಜಾಕೆಟ್ ಗಲ್ಲ ದಾಟಿ ಕಿವಿಯವರೆಗೆ ಬಂದರೆ ಅದು ದೊಡ್ಡ ಅಳತೆಯದು, ಬದಲಾಯಿಸಿ. ಮಕ್ಕಳಿಗೆ ಮಕ್ಕಳ ಅಳತೆಯದನ್ನೇ ಕೇಳಿ ಪಡೆಯಿರಿ. ಇಲ್ಲ ಎಂದರೆ ಆ ದೋಣಿ ಬಿಟ್ಟು ಮುಂದಿನದಕ್ಕೆ ಕಾಯಿರಿ. ಇದರಲ್ಲಿ ಸಂಕೋಚ ಬೇಡವೇ ಬೇಡ.

ಇಳಿಯುವಾಗಲೂ ಅವಸರ ಸಲ್ಲದು. ಅಲೆಯೊಂದಿಗೆ ದೋಣಿ ಏಳುತ್ತದೆ, ಕುಸಿಯುತ್ತದೆ. ಅದು ಮೇಲೆದ್ದು ನಿಂತಂತಾಗುವ ಗಳಿಗೆ ನೋಡಿ, ದೋಣಿಯವರ ಮುಂಗೈ ಹಿಡಿದು ಒಂದೇ ಹೆಜ್ಜೆಗೆ ದಾಟಿ. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಮಗು ಇಟ್ಟುಕೊಂಡು ಯಾರೂ ಇಳಿಯಬಾರದು.

6. ಕಲ್ಲು ನೋಡಿ, ಬರೀ ಫೋಟೋ ಅಲ್ಲ. ತೋನ್ಸೆಪಾರಿನ ಬಂಡೆಗಳು ಐದು, ಆರು, ಏಳು ಮುಖದ ಕಂಬಗಳಾಗಿ ನಿಂತಿವೆ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಉಕ್ಕಿ ಬಂದ ಲಾವಾ ತಣ್ಣಗಾಗುತ್ತಾ ಕುಗ್ಗಿ ಸೀಳಿದ್ದರಿಂದ ಆದ ಕಂಬಗಳಿವು. ಜಗಳೂರಿನ ಕಡೆ ಬಿರುಬೇಸಿಗೆಯಲ್ಲಿ ಕೆರೆಯಂಗಳದ ಕೆಸರು ಒಣಗಿ ಬಿಲ್ಲೆಬಿಲ್ಲೆಯಾಗಿ ಬಿರಿಯುತ್ತದಲ್ಲ, ಹಾಗೆ; ಇಲ್ಲಿ ಬಿರಿದದ್ದು ಕಲ್ಲು, ಬಿರುಕು ಇಳಿದದ್ದು ಆಳಕ್ಕೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿಯ ಹೆಸರಿಟ್ಟ ಎಂಬ ಪ್ರತೀತಿಯೂ ಉಂಟು. ಜೊತೆಗೆ ಬಂದ ಶಾಲೆ ಮಕ್ಕಳಿಗೆ ಇಷ್ಟನ್ನು ಹೇಳಿದರೆ ಅವರು ಕಂಬಗಳ ಮುಖ ಎಣಿಸುತ್ತಾ ಓಡಾಡುತ್ತಾರೆ. ಬಿಸಿಲೇರಿದ ಮೇಲೆ ಕಲ್ಲು ಕಾದಿರುತ್ತದೆ, ಪಾಚಿ ಕಟ್ಟಿದ ಕಡೆ ಜಾರುತ್ತದೆ. ಹಿಂದೆ ಪಟ್ಟಿ ಇರುವ ಚಪ್ಪಲಿಯೇ ಆಗಬೇಕು. ಚಿಪ್ಪು, ಕಲ್ಲಿನ ಚೂರು ಚೀಲ ಸೇರುವುದು ಬೇಡ.

7. ಹೊಳೆಯ ಈಜು ಕಡಲಿಗೆ ಸಾಲದು. ತುಂಗಭದ್ರೆಯಲ್ಲಿ ಈಜಿ ಬೆಳೆದ ಹುಡುಗರಿಗೇ ಈ ಮಾತು ಹೇಳುತ್ತಿರುವುದು. ಬಂಡೆಗಳ ನಡುವೆ ಅಲೆ ಹಿಂದಕ್ಕೆಳೆಯುವ ಬಲ ಮೇಲಿನಿಂದ ಕಾಣುವುದಿಲ್ಲ. ಜೀವರಕ್ಷಕರು ಬೇಡವೆಂದ ಕಡೆ ಮೊಣಕಾಲು ನೀರಿಗೂ ಇಳಿಯಬಾರದು. ಬಂಡೆಯ ತುದಿಯಲ್ಲಿ ಕಡಲಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುವುದಂತೂ ಬೇಡವೇ ಬೇಡ.

8. ನೇತ್ರಾಣಿಯಲ್ಲಿ ಮುಳುಗಿದ ದಿನವೇ ಘಾಟಿ ಹತ್ತಬೇಡಿ. ಮುರುಡೇಶ್ವರದಿಂದ ದೋಣಿಯಲ್ಲಿ ಒಂದು, ಒಂದೂವರೆ ತಾಸು ಹೋದರೆ ನೇತ್ರಾಣಿ. ಅಲ್ಲಿ ಕೆಲಸ ದ್ವೀಪದ ಮೇಲಲ್ಲ, ಸುತ್ತಲಿನ ನೀರಿನಡಿ, ಸ್ಕೂಬಾ ಡೈವಿಂಗ್: ಹವಳ, ಬಣ್ಣಬಣ್ಣದ ಮೀನು, ಅದೃಷ್ಟವಿದ್ದರೆ ಕಡಲಾಮೆ. ಮಾರ್ಗದರ್ಶಕರು ಹಿಡಿದುಕೊಂಡೇ ಇರುವುದರಿಂದ ಈಜು ಬಾರದವರೂ ಇಳಿಯಬಹುದು. ಉಬ್ಬಸ, ಹೃದಯದ ತೊಂದರೆ, ಕಿವಿ ಸೋರುವುದು ಇದ್ದವರು ಮುಚ್ಚಿಡದೆ ಹೇಳಬೇಕು.

ನಮ್ಮವರು ತಿಳಿಯಬೇಕಾದ ಇನ್ನೊಂದು ಸಂಗತಿಯಿದೆ. ನೀರಿನಡಿಯ ಒತ್ತಡದಲ್ಲಿ ಉಸಿರಾಡಿದಾಗ ರಕ್ತದಲ್ಲಿ ಹೆಚ್ಚಿನ ಸಾರಜನಕ ಕರಗುತ್ತದೆ. ಅದು ನಿಧಾನವಾಗಿ ಹೊರಹೋಗಬೇಕು. ಬೇಗನೆ ಎತ್ತರಕ್ಕೆ ಹೋದರೆ ಗುಳ್ಳೆಗಟ್ಟುವ ಅಪಾಯವುಂಟು. ಅದಕ್ಕೇ ಒಂದು ಸಲ ಮುಳುಗಿದವರು 12 ತಾಸು, ಹೆಚ್ಚು ಸಲ ಮುಳುಗಿದವರು 18 ತಾಸು ವಿಮಾನ ಹತ್ತಬಾರದು ಎನ್ನುತ್ತಾರೆ. ಸಮುದ್ರಮಟ್ಟದಿಂದ 600 ಮೀಟರ್ ದಾಟುವ ಬೆಟ್ಟದ ದಾರಿಗೂ ಇದೇ ಎಚ್ಚರ, ಆಗುಂಬೆ ಅದಕ್ಕಿಂತ ಎತ್ತರದಲ್ಲಿದೆ. ಆ ರಾತ್ರಿ ಮುರುಡೇಶ್ವರದಲ್ಲೇ ಇದ್ದು, ಬೆಳಿಗ್ಗೆ ಊರ ದಾರಿ ಹಿಡಿಯಿರಿ.

9. ಲಕ್ಷದ್ವೀಪಕ್ಕೆ ಪರವಾನಗಿ ಮೊದಲು, ಟಿಕೆಟ್ ಆಮೇಲೆ. ನಾವು ಭಾರತೀಯರೇ ಆದರೂ ಪ್ರವೇಶ ಪರವಾನಗಿ ಬೇಕೇ ಬೇಕು. ಹಡಗು ಕೊಚ್ಚಿಯಿಂದ, ದ್ವೀಪ ನೋಡಿಕೊಂಡು 14ರಿಂದ 20 ತಾಸಿನ ಹಾದಿ. ವಿಮಾನ ಇಳಿಯುವುದು ಅಗತ್ತಿಯಲ್ಲಿ. ಅದು ಸಣ್ಣ ವಿಮಾನ, ಆದ್ದರಿಂದ ಎಷ್ಟು ಕಿಲೋ ಸಾಮಾನು ಬಿಡುತ್ತಾರೆಂದು ಮುಂಚೆಯೇ ಕೇಳಿಕೊಳ್ಳಿ. 36 ದ್ವೀಪಗಳಲ್ಲಿ ಜನವಸತಿ ಇರುವುದು ಹತ್ತರಲ್ಲಿ ಮಾತ್ರ. ಅವುಗಳಲ್ಲಿ ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ಅಲ್ಲಿ ಜನ ಕಟ್ಟುನಿಟ್ಟಾದ ಮುಸ್ಲಿಂ ಸಂಪ್ರದಾಯದವರು. ಊರೊಳಗೆ ಓಡಾಡುವಾಗ ಮೈತುಂಬ ಬಟ್ಟೆಯಿರಲಿ, ಮನೆ–ಹೆಂಗಸರ ಫೋಟೋಗೆ ಮುಂಚೆ ಕೇಳಿ. ಹವಳ ತುಳಿಯುವುದು, ಮುರಿಯುವುದು, ತರುವುದು ಮೂರೂ ಕೂಡದು.

10. ಅಂಡಮಾನಿನಲ್ಲಿ ಒಂದು ದಿನ ಖಾಲಿ ಬಿಡಿ. ಪೋರ್ಟ್ ಬ್ಲೇರ್ ಈಗ ಶ್ರೀ ವಿಜಯಪುರಂ. 2024ರಲ್ಲಿ ಹೆಸರು ಬದಲಾಯಿತು. ಹ್ಯಾವ್‌ಲಾಕ್ 2018ರಿಂದ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ. ಟಿಕೆಟ್ಟಿನಲ್ಲಿ ಯಾವ ಹೆಸರಿದ್ದರೂ ಗಾಬರಿಯಾಗಬೇಡಿ. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಮುಂದೆ: ಡಿಸೆಂಬರ್‌ನಲ್ಲಿ ಸಂಜೆ ಐದರ ಸುಮಾರಿಗೇ ಮುಳುಗುತ್ತಾನೆ. ಊರಲ್ಲಿ ಏಳುವುದಕ್ಕಿಂತ ಒಂದು ತಾಸು ಮುಂಚೆ ಎದ್ದರೆ ದಿನ ಪೂರ್ತಿ ಕೈಗೆ ಸಿಗುತ್ತದೆ. ನೆಟ್‌ವರ್ಕ್ ಕೈಕೊಟ್ಟರೆ ಫೋನ್‌ಪೇ ನಡೆಯುವುದಿಲ್ಲ, ಆದ್ದರಿಂದ ಸಣ್ಣ ದ್ವೀಪಗಳಿಗೆ ನಗದು ಇಟ್ಟುಕೊಂಡೇ ಹೋಗಿ. ಗಾಳಿ ಎದ್ದರೆ ಫೆರಿ ರದ್ದು, ಅದಕ್ಕೆ ಯಾರನ್ನೂ ದೂರುವಂತಿಲ್ಲ. ಸ್ವರಾಜ್ ದ್ವೀಪದಿಂದ ಬೆಳಿಗ್ಗೆ ಫೆರಿ ಹಿಡಿದು ಮಧ್ಯಾಹ್ನ ಬೆಂಗಳೂರಿನ ವಿಮಾನ ಎಂದು ಹೊಂದಿಸಿಕೊಂಡವರು ಎರಡನ್ನೂ ಕಳೆದುಕೊಳ್ಳುತ್ತಾರೆ. ಕಡೆಯ ರಾತ್ರಿ ಶ್ರೀ ವಿಜಯಪುರಂನಲ್ಲೇ ಇರಿ. ಸೆಲ್ಯುಲಾರ್ ಜೈಲನ್ನು ಆ ದಿನಕ್ಕೆಂದೇ ಉಳಿಸಿಕೊಂಡಿದ್ದರೆ, ಫೆರಿ ಸರಿಯಾಗಿ ಬಂದರೂ ಹೊತ್ತು ದಂಡವಾಗುವುದಿಲ್ಲ.