ದಾಖಲೆಯ ಪುಟಗಳು
ವಿಯೆನ್ನಾ ನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದುವು. ಮೊದಲನೆಯದರಲ್ಲಿ ವೈದ್ಯವಿದ್ಯಾರ್ಥಿಗಳೂ ಎರಡನೆಯದರಲ್ಲಿ ಸೂಲಗಿತ್ತಿಯರೂ ತರಬೇತಿ ಪಡೆಯುತ್ತಿದ್ದರು. ಹೆರಿಗೆ, ಮರಣಗಳ ಲೆಕ್ಕವನ್ನು ತಿಂಗಳು ತಿಂಗಳೂ ಬರೆದಿಡುವುದು ಅಲ್ಲಿಯ ವಾಡಿಕೆ. ಬರೆಯುವವರು ಎಲ್ಲೆಡೆಯೂ ಉಂಟು. ಬರೆದುದನ್ನು ಓದಿ ಪ್ರಶ್ನಿಸುವವರು ವಿರಳ.

1846ರಲ್ಲಿ ಸಹಾಯಕ ವೈದ್ಯನಾದ ಇಗ್ನಾಜ್ ಸೆಮ್ಮೆಲ್‌ವೈಸ್ ಆ ಪುಟಗಳನ್ನು ಹೋಲಿಸಿ ನೋಡಿದನು. ಆ ವರ್ಷ ಮೊದಲ ವಿಭಾಗದಲ್ಲಿ ನೂರಕ್ಕೆ 11 ತಾಯಂದಿರು ಸತ್ತಿದ್ದರು. ಎರಡನೆಯದರಲ್ಲಿ ಮೂವರಿಗೂ ಕಡಿಮೆ. ಒಂದೇ ಆಸ್ಪತ್ರೆ, ಒಂದೇ ಗಾಳಿ, ಇಷ್ಟು ಅಂತರವೇಕೆ? 1847ರಲ್ಲಿ ಶವಪರೀಕ್ಷೆಯ ಚೂರಿ ತಗುಲಿದ ಗೆಳೆಯ ಕೊಲೆಚ್ಕಾ ಬಾಣಂತಿಜ್ವರದ ಲಕ್ಷಣಗಳಿಂದಲೇ ಮಡಿದಾಗ ಉತ್ತರ ಹೊಳೆಯಿತು. ಶವವನ್ನು ಮುಟ್ಟಿದ ವಿದ್ಯಾರ್ಥಿಗಳ ಕೈಗಳೇ ಬಾಣಂತಿಯರಿಗೆ ವಿಷವನ್ನು ಒಯ್ಯುತ್ತಿದ್ದುವು!

ಮೇ ತಿಂಗಳಿನಿಂದ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವುದು ಕಡ್ಡಾಯವಾಯಿತು. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಮರಣ ಜುಲೈಯಲ್ಲಿ ಸುಮಾರು ಒಂದಕ್ಕೆ ಇಳಿಯಿತು. ಆದರೂ ಹಿರಿಯ ವೈದ್ಯರನೇಕರು ಒಪ್ಪಲಿಲ್ಲ. 1849ರಲ್ಲಿ ಅವನ ಹುದ್ದೆಯೇ ಮುಂದುವರಿಯಲಿಲ್ಲ.