ಸೋತು ಅಳುವ ಮಗ, ಬಿಡಿಸಬಾರದ ಆಟ

ನಿಮ್ಮ ಪತ್ರ ಓದಿದೆ. ಮೂರನೇ ಕ್ಲಾಸಿನ ಮಗ ಸಂಜೆಯಾದರೆ ಬೀದಿಗೆ ಓಡುತ್ತಾನೆ, ಸೋತರೆ ಅಳುತ್ತಾ ಬರುತ್ತಾನೆ, ಆಟ ಬಿಡಿಸಿ ಟ್ಯೂಷನ್ನಿಗೆ ಹಾಕಲೇ ಎಂದು ಕೇಳಿದ್ದೀರಿ. ದಯವಿಟ್ಟು ಬಿಡಿಸಬೇಡಿ.

ಒಮ್ಮೆ ಲಗೋರಿ ಆಡುವ ಮಕ್ಕಳನ್ನು ಹತ್ತು ನಿಮಿಷ ನಿಂತು ನೋಡಿ. ಕಲ್ಲುಗಳು ಚೆದುರಿದ ಕೂಡಲೇ ಒಬ್ಬ ಚೆಂಡು ಹಿಡಿದವನ ಗಮನ ತಪ್ಪಿಸಲು ಓಡುತ್ತಾನೆ. ಇನ್ನೊಬ್ಬಳು, ಬೆನ್ನಿಗೆ ಯಾವಾಗ ಏಟು ಬೀಳುವುದೋ ಎಂಬ ಭಯದಲ್ಲೇ, ಉಸಿರು ಬಿಗಿಹಿಡಿದು ದೊಡ್ಡ ಕಲ್ಲಿನ ಮೇಲೆ ಚಿಕ್ಕದನ್ನು ಜೋಡಿಸುತ್ತಾಳೆ. ಕಣ್ಣು-ಕೈಗಳ ಹೊಂದಾಣಿಕೆ, ಲೆಕ್ಕಾಚಾರ, ಜತೆಗಾರನ ಮೇಲಿನ ನಂಬಿಕೆ ಎಲ್ಲ ಅಲ್ಲೇ ಇದೆ. ಆಮೇಲೆ ‘ಔಟು’, ‘ಅಲ್ಲ’ ಎಂಬ ಜಗಳ. ದೊಡ್ಡವರು ತಲೆ ಹಾಕದಿದ್ದರೆ ಎಷ್ಟೋ ಸಲ ಮಕ್ಕಳೇ ರಾಜಿಯಾಗುತ್ತಾರೆ. ನನ್ನ ಪ್ರಕಾರ ಆಟದ ಅತಿ ಬೆಲೆಬಾಳುವ ಭಾಗವೇ ಅದು.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಸುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಹೊರಗಿನ ಬೆಳಕಿನಲ್ಲಿ ಕಳೆಯುವ ಹೊತ್ತು ಸಮೀಪದೃಷ್ಟಿಯ ಸಾಧ್ಯತೆಯನ್ನೂ ತಗ್ಗಿಸುತ್ತದೆ.

ಇನ್ನು ಅಳು. ‘ಇಷ್ಟಕ್ಕೆಲ್ಲ ಅಳ್ತಾರಾ’ ಅನ್ನಬೇಡಿ. ಕುಡಿಯಲು ನೀರು ಕೊಡಿ, ಪಕ್ಕ ಕೂರಿಸಿಕೊಳ್ಳಿ, ‘ಏನಾಯ್ತು ಕಂದ’ ಎಂದಷ್ಟೇ ಕೇಳಿ ಸುಮ್ಮನಿರಿ. ರಜೆಯ ದಿನ ಚೌಕಾಬಾರದ ಮನೆ ಬರೆದು ಅವನ ಜತೆ ಆಡಿ; ಬೇಕೆಂದೇ ಸೋಲಬೇಡಿ. ನಿಮ್ಮ ಕಾಯಿಯನ್ನು ಅವನು ಹೊಡೆದಾಗ ನೀವು ನಗುತ್ತಾ ಮತ್ತೆ ಕವಡೆ ಕುಲುಕುವುದನ್ನು ಅವನು ನೋಡಲಿ. ಓದಿನಲ್ಲಿ ಹಿಂದಿದ್ದರೆ, ಆಟ ಮುಗಿಸಿ ಕೈಕಾಲು ತೊಳೆದು ಬಂದ ಮೇಲೆ ಅರ್ಧ ಗಂಟೆ ನೀವೇ ಜತೆಗೆ ಕೂತುಕೊಳ್ಳಿ.